ನಲವತ್ತು ಅರ್ಧ ಗೂಡುಗಳು

ಒಂದು ಕಾಡಿನಲ್ಲಿ ಕೆರೆಯ ಮೇಲೆ ಬಾಗಿದ ಜಾಲಿಮರವಿತ್ತು. ಮರದ ತುಂಬ ಗೀಜಗ ಹಕ್ಕಿಗಳ ಸಂಸಾರ. ಅವುಗಳ ಪದ್ಧತಿಯೇ ಚೆಂದ. ಗಂಡು ಹಸಿ ಹುಲ್ಲಿನಿಂದ ಅರ್ಧ ಗೂಡು ನೇಯಬೇಕು. ಹೆಣ್ಣು ಬಂದು ಎಳೆದು, ಜೋತಾಡಿ ನೋಡಬೇಕು. ಅವಳು ಒಪ್ಪಿದರೆ ಮಾತ್ರ ಉಳಿದರ್ಧ. ಆಮೇಲೆ ಮೊಟ್ಟೆ, ಮರಿ.

ಮರದ ಯಜಮಾನ ಗರಿಕಪ್ಪನಿಗೆ ಇದು ಸರಿಬರಲಿಲ್ಲ. "ಗೂಡು ನೇಯೋನು ಮಗ. ಮಗಳು ಏನು ಮಾಡ್ತಾಳೆ? ಬರೀ ತಪ್ಪು ಹುಡುಕ್ತಾಳೆ!" ಎಂದ. ಮಗ ನೂಲನಿಗೆ ಮಿಡತೆ ತಿನ್ನಿಸಿದ, ಮಗಳು ತೆನೆಗೆ ಹೊಟ್ಟು ಕೊಟ್ಟ. ಯಜಮಾನ ಮಾಡಿದ್ದನ್ನೇ ಎಲ್ಲ ಮನೆಯವರೂ ಮಾಡಿದರು. ಹೊಟ್ಟೆಗಿಲ್ಲದ ಕಡೆ ಯಾರು ನಿಲ್ಲುತ್ತಾರೆ? ತೆನೆ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಆಚೆ ದಡದ ಬಿದಿರುಮೆಳೆಗೆ ಹಾರಿಹೋದಳು. "ಪೀಡೆ ತೊಲಗಿತು" ಎಂದು ಗರಿಕಪ್ಪ ರೆಕ್ಕೆ ಕೊಡವಿದ.

ಮಳೆಗಾಲ ಬಂತು. ಮರದಲ್ಲಿ ನಲವತ್ತು ಹುಡುಗರು, ನಲವತ್ತು ಅರ್ಧ ಗೂಡುಗಳು. ಮದುವೆಗೆ ಬಂದ ಹೆಣ್ಣು ಒಂದೂ ಇಲ್ಲ! ಗೂಡಿನ ಹುಲ್ಲು ಹಳದಿಗೆ ತಿರುಗಿತು. ಪೂರ್ತಿ ಒಣಗಿದರೆ ಗೂಡು ಕೆಟ್ಟ ಹಾಗೆ, ಆ ವರ್ಷ ಮರದಲ್ಲಿ ಮರಿಯೂ ಇಲ್ಲ. ಹುಡುಗರು ಸುಮ್ಮಸುಮ್ಮನೆ ಒಬ್ಬರ ಜುಟ್ಟು ಒಬ್ಬರು ಹಿಡಿದು ಕಾದಾಡಿದರು. "ಅಪ್ಪಾ, ನನ್ನ ಗೂಡು ನೋಡೋರು ಯಾರು?" ಎಂದು ನೂಲ ಅಳುಮುಖ ಮಾಡಿದ.

ಇದು ಕಾಗೆಯ ಕಿವಿಗೆ ಬಿತ್ತು. ಮದುವೆ ದಲ್ಲಾಳಿಯ ಠೀವಿಯಲ್ಲಿ ಬಂದು ಕೂತಿತು. "ಹೆಣ್ಣು ನಾನು ತರ್ತೀನಿ ಯಜಮಾನ್ರೇ. ಓಡಾಟಕ್ಕೆ ದಿನಾ ಮಿಡತೆ ಕೊಡಿ, ಸಾಕು." ಎಂಟು ದಿನ ತಿಂದು ತಿಂದು ಅದು ಹಾರಲು ಏದುಸಿರು ಬಿಡುವಷ್ಟು ದಪ್ಪವಾಯಿತು. ಒಂಬತ್ತನೆಯ ದಿನ ಒಂದು ಕಂದು ಹಕ್ಕಿಯನ್ನು ಕರೆತಂದಿತು.

"ಗೂಡು ನೋಡಮ್ಮ," ಎಂದ ನೂಲ.

"ನೋಡೋದೇನೂ ಬೇಡ. ತಪ್ಪು ಹುಡುಕೋ ಹುಡುಗಿಯಲ್ಲ ಇವಳು," ಎಂದಿತು ಕಾಗೆ.

ಗರಿಕಪ್ಪ ಬೆಚ್ಚಿಬಿದ್ದ. "ಗೂಡು ಎಳೆದು ನೋಡದ ಗೀಜಗದ ಹೆಣ್ಣೇ? ಎಲ್ಲಾದರೂ ಉಂಟೇ? ಯಾರಮ್ಮ ನೀನು?"

"ನಾನು ಗುಬ್ಬಚ್ಚಿ ಕಣಪ್ಪ! ಊಟ ಇದೆ ಬಾ ಅಂತ ಈ ಕಾಗೆ ಕರೀತು. ಮನೇಲಿ ನನ್ನ ಮಕ್ಕಳು ಕಾಯ್ತಿವೆ!"

ಕಾಗೆ ಓಡಲು ನೋಡಿತು. ಕಾಲು ಒಂದು ಗೂಡಿನ ಹುಲ್ಲಿನ ಕುಣಿಕೆಗೆ ಸಿಕ್ಕಿ ತಲೆಕೆಳಗಾಗಿ ನೇತಾಡಿತು. ನಲವತ್ತು ಕೊಕ್ಕುಗಳು ಕುಕ್ಕಿದವು. ಕುಣಿಕೆ ಹರಿದು ಕಾಗೆ ಕೆರೆಗೆ ದುಡುಮ್ಮನೆ ಬಿತ್ತು. ಒದ್ದೆ ಮುದ್ದೆಯಾಗಿ ದಡಕ್ಕೆ ತೆವಳಿದ ಅದನ್ನು ನೋಡಿ ಗುಬ್ಬಚ್ಚಿಯೂ ಬಿದ್ದು ಬಿದ್ದು ನಕ್ಕಿತು.

ಗರಿಕಪ್ಪನಿಗೆ ಮಾತ್ರ ನಗು ಬರಲಿಲ್ಲ, ನಾಚಿಕೆಯಾಯಿತು. ನೇರ ಬಿದಿರುಮೆಳೆಗೆ ಹಾರಿದ. "ತಪ್ಪಾಯ್ತು ಮಗಳೇ. ನೀವಿಲ್ದೆ ಮರ ಬಿಕೋ ಅಂತಿದೆ. ಮನೆಗೆ ಬಾ."

"ಬರ್ತೀವಪ್ಪ. ಆದ್ರೆ ಮಿಡತೆ ಎಲ್ಲರಿಗೂ ಸಮ!" ಎಂದಳು ತೆನೆ.

"ಸಮ, ಸಮ! ಬೇಕಾದ್ರೆ ನನ್ನ ಪಾಲೂ ತಗೋ!"

ಹುಡುಗಿಯರು ಕಲಕಲ ಎನ್ನುತ್ತಾ ಮರಕ್ಕೆ ಬಂದಿಳಿದರು. ತೆನೆಯ ಗೆಳತಿ ಗುಂಜಿ ನೂಲನ ಗೂಡನ್ನು ಎಳೆದಳು, ಜೋತಾಡಿದಳು, ಮೂಗು ಮುರಿದಳು. "ಹುಲ್ಲು ಒಣಗಿದೆ. ಗಂಟೂ ಸಡಿಲ. ಬಿಚ್ಚಿ ಮೊದಲಿಂದ ನೇಯಿ, ಕೂತಿರ್ತೀನಿ."

ಅಷ್ಟು ಸಂತೋಷದಿಂದ ಯಾವ ಗೀಜಗನೂ ಅದುವರೆಗೆ ತನ್ನ ಗೂಡು ಬಿಚ್ಚಿರಲಿಲ್ಲ.

ನೀತಿ: ಮಗಳು ಬೇಡವೆಂದು ದೂಡಿದ ಊರಿನಲ್ಲಿ ಮಗನ ಮನೆಯೂ ಅರ್ಧಕ್ಕೇ ನಿಲ್ಲುತ್ತದೆ.