ಅಂಟು ಹಚ್ಚಿದ ಗಾಜಿನ ಒಲೆ

ಮರುಳಯ್ಯ ಮೇಷ್ಟ್ರು ರಿಪೇರಿ ಮಾಡದ ವಸ್ತು ತಿಪಟೂರಿನ ಆ ಬೀದಿಯಲ್ಲೇ ಇರಲಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಎಲ್ಲಕ್ಕೂ ಅವರ ಕೈ ತಗುಲಿತ್ತು. ಕೆಲವು ಸರಿಯೂ ಆಗಿದ್ದವು.

ಒಂದು ದಿನ ಅವರದೇ ಮನೆಯ ಗ್ಯಾಸ್ ಒಲೆಯ ಗಾಜಿನ ಮೇಲೆ ಕುಕ್ಕರ್ ಮುಚ್ಚಳ ಬಿತ್ತು. ಬಲಗಡೆಯ ಬರ್ನರ್ ಪಕ್ಕ ಗೇಣುದ್ದ ಬಿರುಕು. ಮೇಷ್ಟ್ರು ಅದಕ್ಕೆ ಅಂಟು ತುಂಬಿ, ಉಜ್ಜಿ, ಮೇಲೆ ಕಪ್ಪು ಬಣ್ಣ ಬಳಿದರು.

"ಗಾಜು ಬದಲಾಯಿಸಿಬಿಡಿ ಅಂದ್ರೆ," ಎಂದರು ಹೆಂಡತಿ ಗಂಗಮ್ಮ.

"ಸದ್ಯಕ್ಕೆ ಇಷ್ಟು ಸಾಕು ಕಣೇ. ಎಡಗಡೇದು ಮಾತ್ರ ಹಚ್ಚು."

ವಾರದ ನಂತರ, ಗಂಗಮ್ಮ ಊರಲ್ಲಿಲ್ಲದ ದಿನ, ಎದುರು ಮನೆಯಲ್ಲಿ ಗೃಹಪ್ರವೇಶ. ಬೆಳಗ್ಗೆಯೇ ಆ ಮನೆಯ ಯಜಮಾನಿ ಕಮಲಾಕ್ಷಮ್ಮ ಓಡಿ ಬಂದರು. "ಮೇಷ್ಟ್ರೇ, ಸಾಮಾನಿನ ಲಾರಿ ಇನ್ನೂ ಬಂದಿಲ್ಲ. ಮುಹೂರ್ತ ಮೀರ್ತಿದೆ. ಹಾಲುಕ್ಕಿಸೋಕೆ ನಿಮ್ಮ ಒಲೆ ಕೊಡ್ತೀರಾ?"

ಬಿರುಕಿನ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂತು. ಆದರೆ ಬೀದಿಗೆಲ್ಲ ರಿಪೇರಿ ಮಾಡಿಕೊಡುವವರು ತಮ್ಮ ಒಲೆಯೇ ಒಡೆದಿದೆ ಎನ್ನುವುದು ಹೇಗೆ? 'ಎಡಗಡೇದು ಮಾತ್ರ ಹಚ್ಚಿ' ಎಂದಾದರೂ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ! ಮಾತು ನುಂಗಿಕೊಂಡು, ತಾವೇ ಒಲೆ, ಸಿಲಿಂಡರ್ ಸಾಗಿಸಿ ಕೊಟ್ಟರು.

ಎದುರು ಮನೆಯ ಹೊಸ ಸೊಸೆ ವಿನುತಾ, ಬಲಗಡೆ ಶುಭವೆಂದು ಆ ಬರ್ನರನ್ನೇ ಹಚ್ಚಿ ಹಾಲಿಟ್ಟಳು. ಹಾಲು ಉಕ್ಕುವ ಮೊದಲೇ ಗಾಜು ಚಟ್ಟೆಂದು ಸೀಳಿತು. ಪಾತ್ರೆ ಮಗುಚಿ ಹಾಲೆಲ್ಲ ನೆಲದ ಪಾಲಾಯಿತು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ.

"ಶುಭದ ದಿನವೇ ಹೀಗಾ? ಎಂಥ ಕೈಗುಣವಮ್ಮ ನಿಂದು!" ಎಂದರು ಕಮಲಾಕ್ಷಮ್ಮ. ನೆಂಟರೂ ತಲೆಯಾಡಿಸಿದರು.

ಹುಡುಗಿ ತಲೆ ತಗ್ಗಿಸಿ ಗಾಜಿನ ಚೂರು ಆರಿಸತೊಡಗಿದಳು. ಮೇಷ್ಟ್ರು ಅಲ್ಲೇ ನಿಂತಿದ್ದರು. ಬಾಯಿ ಬಿಡಲಿಲ್ಲ. ಊಟಕ್ಕೂ ನಿಲ್ಲದೆ ಮನೆಗೆ ಬಂದು ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಬಂದು ಬಾಗಿಲು ತಟ್ಟಿದರು.

"ನಿಮ್ಮ ಒಲೆ ಹಾಳು ಮಾಡಿಬಿಟ್ಲು ಮೇಷ್ಟ್ರೇ," ಎಂದ ಕಮಲಾಕ್ಷಮ್ಮ ಸೊಸೆಯ ಕಡೆ ತಿರುಗಿದರು. "ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು."

ವಿನುತಾ ಬಗ್ಗಿದಳು. ಮೇಷ್ಟ್ರು ಬೆಚ್ಚಿ ಹಿಂದೆ ಸರಿದರು. ನಾಚಿಕೆಯಿಂದ ಅವರ ಮೈಯೆಲ್ಲ ಹಿಡಿಯಾಯಿತು.

"ಬೇಡ ತಾಯಿ, ಬೇಡ. ನನ್ನ ಜೊತೆ ಬಾ."

ಎದುರು ಮನೆಗೆ ನಡೆದು, ಎಲೆ ಮುಂದೆ ಕೂತಿದ್ದ ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ಆ ಒಲೆ ಮೊದಲೇ ಒಡೆದಿತ್ತು. ಅಂಟು ಹಚ್ಚಿ ಮುಚ್ಚಿದವನು ನಾನು. ಗೊತ್ತಿದ್ದೂ ಕೊಟ್ಟೆ. ಈ ಮಗೂದು ಏನೂ ತಪ್ಪಿಲ್ಲ."

ಕಮಲಾಕ್ಷಮ್ಮ ಸೊಸೆಯ ಮುಖ ನೋಡಲಾರದೆ ಸೆರಗು ಸರಿಮಾಡಿಕೊಂಡರು. ವಿನುತಾ ಮೆಲ್ಲಗೆ ಹೇಳಿದಳು:

"ಚೂರು ಆರಿಸುವಾಗಲೇ ಅಂಟು ಕಂಡಿತ್ತು ಸಾರ್. ಇಷ್ಟು ಜನರ ಮುಂದೆ ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ."

ಅರವತ್ತು ದಾಟಿದ ಮೇಷ್ಟ್ರು ಎಲ್ಲರೆದುರು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ನೀತಿ: ನಾವು ಮುಚ್ಚಿಟ್ಟ ಬಿರುಕು ಇನ್ನೊಬ್ಬರ ಕೈಯಲ್ಲಿ ಒಡೆಯುತ್ತದೆ, ಬೈಗುಳವೂ ಅವರಿಗೇ ಸಿಗುತ್ತದೆ. ತಪ್ಪನ್ನು ಮೊದಲೇ ಹೇಳಿದರೆ ಆಗುವ ನಾಚಿಕೆ ಚಿಕ್ಕದು. ಹೇಳದೆ ಉಳಿದರೆ ಆಗುವ ನಾಚಿಕೆಯನ್ನು ಬದುಕಿರುವವರೆಗೂ ಹೊರಬೇಕು.