ಯಾರೂ ಇಲ್ಲದ ಗುಡ್ಡ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕಾಡುಜೀವಿಗಳು ಮನುಷ್ಯನಿಂದಲೇ ಅಳಿಯುತ್ತಿವೆ ಎಂದು ನಿನ್ನೆ ಹೇಳಿದಿರಿ. ನಾನು ಬಂದೂಕು ಹಿಡಿದವನಲ್ಲ, ಉರುಲು ಒಡ್ಡಿದವನಲ್ಲ. ಆ ಪಾಪ ನನಗೇಕೆ ಅಂಟಬೇಕು?"

"ಅಂಟಬಾರದು, ಖಂಡಿತ ಅಂಟಬಾರದು! ಕೈ ಎಷ್ಟು ಚೊಕ್ಕವಾಗಿದೆ ನೋಡು!" ಎಂದು ಗುರು ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. "ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ."

ಒಂದು ಊರು. ಊರಾಚೆ ಒಂದು ಹುಲ್ಲುಗುಡ್ಡ. ಆ ಗುಡ್ಡದ ಬಂಡೆಗಳ ಸಂದಿನಲ್ಲಿ ತೋಳಗಳು ಮರಿ ಹಾಕುತ್ತಿದ್ದವು. ಊರಿನಲ್ಲಿ ಮಾಳವ್ವ ಎಂಬ ಹೆಂಗಸಿದ್ದಳು. ಗಂಡ ಸತ್ತ ಮೇಲೆ ಕುರಿಗಳನ್ನು ತಾನೇ ಮೇಯಿಸುತ್ತಿದ್ದಳು. ತೋಳಕ್ಕೂ ಅವಳಿಗೂ ಹಾವು ಮುಂಗುಸಿಯ ಸಂಬಂಧ. ವರ್ಷಕ್ಕೆ ಒಂದೆರಡು ಮರಿಗಳನ್ನಾದರೂ ತೋಳ ಹೊತ್ತುಕೊಂಡು ಹೋಗುತ್ತಿತ್ತು. ಅವಳು ಗುಡ್ಡದ ಕಡೆ ತಿರುಗಿ, "ನಿನ್ನ ಬಾಯಿಗೆ ಮಣ್ಣು ಬೀಳಲಿ!" ಎಂದು ಬಯ್ಯುತ್ತಿದ್ದಳು. ಮರುದಿನ ನಾಯಿಗಳನ್ನು ಕರೆದುಕೊಂಡು ಅದೇ ಗುಡ್ಡಕ್ಕೆ ಕುರಿ ಹೊಡೆಯುತ್ತಿದ್ದಳು.

ಆ ಗುಡ್ಡದ ಕಲ್ಲಿನ ಮೇಲೆ ಒಬ್ಬ ವ್ಯಾಪಾರಿಯ ಕಣ್ಣು ಬಿತ್ತು. ಗುಡ್ಡ ಒಡೆಯಲು ಅಪ್ಪಣೆ ಬೇಕು. ಅಪ್ಪಣೆಗೆ ಕಾಗದ ಬೇಕು. ಒಬ್ಬ ಅಧಿಕಾರಿ ಕಾಗದ ಬರೆದು ತಂದ. 'ಈ ಗುಡ್ಡ ಪಾಳು ಬಿದ್ದಿದೆ. ಇಲ್ಲಿ ಯಾರೂ ಇಲ್ಲ.' ಇಷ್ಟೇ ಒಕ್ಕಣೆ. ಅದರ ಕೆಳಗೆ ಊರಿನ ಪ್ರತಿ ಮನೆಯಿಂದ ಒಂದು ಹೆಬ್ಬೆಟ್ಟು ಬೀಳಬೇಕು. ಒಂದು ಮನೆ ತಪ್ಪಿದರೂ ಕಾಗದ ನಡೆಯುವುದಿಲ್ಲ.

ವ್ಯಾಪಾರಿ ಊರಿಗೆ ರಸ್ತೆ ಮಾಡಿಸುತ್ತೇನೆ, ಬಾವಿ ತೋಡಿಸುತ್ತೇನೆ ಎಂದ. ಅದು ಕೆಟ್ಟ ಮಾತೇನಲ್ಲ, ಯಾರಿಗೆ ಬೇಡ ಹೇಳು? ಜನ ಚಾವಡಿಯ ಮುಂದೆ ಸಾಲುಗಟ್ಟಿ ನಿಂತು ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ ಏನು ಬರೆದಿದೆ ಎಂದು ಒಬ್ಬನಾದರೂ ಕೇಳಬೇಕಲ್ಲ, ಕೇಳಲಿಲ್ಲ. ಕೊನೆಗೆ ಮಾಳವ್ವನ ಸರದಿ ಬಂತು. "ಮೊದಲು ಓದಿ ಹೇಳಿ ಸ್ವಾಮಿ" ಎಂದಳು.

ಅಧಿಕಾರಿ ಓದಿದ.

"ಯಾರೂ ಇಲ್ಲವೇ? ಹಾಗಾದರೆ ಹೋದ ವಾರ ನನ್ನ ಮರಿ ತಿಂದವರು ಯಾರು?"

ಜನ ಹೋ ಎಂದು ನಕ್ಕರು. ಅಧಿಕಾರಿಗೂ ನಗು ಬಂತು. "ಅದು ತೋಳ ಅಲ್ಲವೇನಮ್ಮಾ? ಯಾರೂ ಇಲ್ಲ ಅಂದರೆ ಮನುಷ್ಯರು ಇಲ್ಲ ಅಂತ."

"ಇದ್ದಾರೆ ಅಂತ ಬರೆಯಿರಿ. ಈಗಲೇ ಒತ್ತುತ್ತೇನೆ."

"ತೋಳಗಳಿಗೆ ಇದ್ದಾರೆ ಅನ್ನುತ್ತಾರೆಯೇ? ಇವೆ ಅನ್ನಬೇಕು."

"ಇವೆ ಅಂತಲೇ ಬರೆಯಿರಿ, ಅದಕ್ಕೇನಂತೆ! ಇಲ್ಲ ಅಂತ ಬರೆದಿದ್ದೀರಲ್ಲ, ಅದು ಸುಳ್ಳು. ಸುಳ್ಳಿಗೆ ನನ್ನ ಬೆರಳು ಬಗ್ಗುವುದಿಲ್ಲ."

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲವನಿಗೆ ವ್ಯಾಕರಣ ಹೊಳೆಯಿತು, ಎದುರಿಗಿದ್ದ ಗುಡ್ಡ ಕಾಣಲಿಲ್ಲ. 'ಇವೆ' ಎಂದು ಬರೆದರೆ ಅಪ್ಪಣೆ ಸಿಗದು. ಅವನು ಲೇಖನಿ ಎತ್ತಲಿಲ್ಲ.

ಆಗ ವ್ಯಾಪಾರಿ ಮಾತಿಗೆ ಬೆಣ್ಣೆ ಹಚ್ಚಿದ. ತೋಳ ನಿನ್ನ ಶತ್ರು ತಾಯಿ, ಗುಡ್ಡ ಹೋದರೆ ಅದೂ ತೊಲಗುತ್ತದೆ, ಇದು ನಿನಗೇ ಉಪಕಾರ ಎಂದ. ಮಾಳವ್ವನಿಗೆ ಸಿಟ್ಟು ನೆತ್ತಿಗೇರಿತು. "ಅದು ನನ್ನ ಮರಿ ಕದಿಯುತ್ತದೆ, ನಾನು ಕೋಲು ಬೀಸುತ್ತೇನೆ. ಅದು ನಮ್ಮಿಬ್ಬರ ಜಗಳ. ಅದರ ಮನೆ ಕೀಳು ಬಾ ಅಂತ ನಿನ್ನನ್ನು ಕರೆದೆನಾ?" ಎಂದು ಕೇಳಿದಳು.

ಊರವರ ನಗು ನಿಂತಿತು. ನಮ್ಮ ಅನ್ನಕ್ಕೆ ಕಲ್ಲು ಹಾಕುತ್ತೀಯಾ ಎಂದು ಮೈಮೇಲೆ ಬಿದ್ದರು. ನಾಳೆ ಬೆಳಗಾಗುವುದರೊಳಗೆ ಒತ್ತದಿದ್ದರೆ ನಮ್ಮ ಯಾವ ಹೊಲದಲ್ಲೂ ನಿನ್ನ ಕುರಿ ನಿಲ್ಲಬಾರದು ಎಂದರು. ಸುಗ್ಗಿಯಾದ ಮೇಲೆ ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಕುರಿಯವರಿಗೆ ಜೋಳ ಕೊಡುತ್ತಾರೆ. ವರ್ಷವಿಡೀ ಅವಳು ಉಣ್ಣುತ್ತಿದ್ದುದು ಆ ಜೋಳವನ್ನೇ.

ಸಂಜೆ ಅವಳ ಅಣ್ಣ ಬಂದು ಅಂಗಲಾಚಿದ. "ಒಂದು ಬೆರಳು ತಾನೇ ತಂಗಿ? ಮಸಿ ತೊಳೆದರೆ ಹೋಗುತ್ತದೆ." ಅಣ್ಣ ಹೋದ ಮೇಲೆ ಅವಳು ಅತ್ತಳು. ಅಳಲೇ ಇಲ್ಲ ಎಂದು ಹೇಳಿ ನಿನ್ನನ್ನು ಮೆಚ್ಚಿಸಬಹುದಿತ್ತು. ಆದರೆ ಅತ್ತಳು. ಅವಳಿಗೆ ಹೆದರಿಕೆಯಾಗಿತ್ತು.

ಬೆಳಿಗ್ಗೆ ಕುರಿಗಳನ್ನು ಊರ ನಡುವೆಯೇ ಹೊಡೆದುಕೊಂಡು ಬಂದಳು. ಚಾವಡಿಯಲ್ಲಿ ಅಧಿಕಾರಿ, ವ್ಯಾಪಾರಿ, ಊರ ಹಿರಿಯರು ಎಲ್ಲರೂ ಕುಳಿತಿದ್ದರು. ಅವಳು ಹೆಬ್ಬೆರಳನ್ನು ಮೇಲೆತ್ತಿ ಹಿಡಿದಳು. "ಕಣ್ತುಂಬ ನೋಡಿಕೊಳ್ಳಿ. ಇದಕ್ಕೆ ಮಸಿ ಹತ್ತಿಲ್ಲ, ಹತ್ತುವುದೂ ಇಲ್ಲ. ಏನು ಮಾಡುತ್ತೀರೋ ಮಾಡಿ!" ಎಂದಳು. ಯಾರ ಉತ್ತರಕ್ಕೂ ಕಾಯದೆ ಗುಡ್ಡದ ದಾರಿ ಹಿಡಿದಳು.

ಊರವರು ಮಾತಿಗೆ ತಪ್ಪಲಿಲ್ಲ, ಹೊಲಗಳನ್ನು ಮುಚ್ಚಿದರು. ಅವಳು ದೂರದ ಊರುಗಳಿಗೆ ಅಲೆದು ಕುರಿ ನಿಲ್ಲಿಸಿದಳು, ಅರ್ಧ ಹೊಟ್ಟೆ ಉಂಡಳು. ತೋಳ ಆ ವರ್ಷವೂ ಎರಡು ಮರಿ ಹೊತ್ತೊಯ್ದಿತು. ಉಪಕಾರ ಸ್ಮರಣೆ ಅದಕ್ಕೆಲ್ಲಿಂದ ಬರಬೇಕು! ಅವಳೂ ಬಯ್ಯುವುದನ್ನು ಬಿಡಲಿಲ್ಲ.

ವ್ಯಾಪಾರಿ ಕಾದು ಕಾದು ಬೇಸತ್ತ. ಪಕ್ಕದ ಊರಿಗೆ ಹೋದ. ಅಲ್ಲಿಯೂ ಅಂಥದೇ ಗುಡ್ಡವಿತ್ತು, ಗುಡ್ಡದಲ್ಲಿ ತೋಳಗಳಿದ್ದವು. ಅದೇ ಕಾಗದ, ಅದೇ ಒಕ್ಕಣೆ. ಆ ಊರಿನಲ್ಲಿದ್ದವರು ಬಹಳ ಸಾಧುಗಳು, ದಿನವೂ ಹಕ್ಕಿಗಳಿಗೆ ಕಾಳು ಚೆಲ್ಲುವವರು. ಓದಿ ಹೇಳಿ ಎಂದು ಒಬ್ಬರೂ ಕೇಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮನೆಗಳ ಹೆಬ್ಬೆಟ್ಟೂ ಬಿದ್ದಿತ್ತು. ಮಾತು ಕೊಟ್ಟಂತೆ ರಸ್ತೆ ಬಂತು, ಬಾವಿಯೂ ಬಂತು. ಐದು ವರ್ಷದಲ್ಲಿ ಗುಡ್ಡ ಕರಗಿ ಗುಂಡಿಯಾಯಿತು. ಈಗ ಹೋಗಿ ನೋಡು, ಕಾಗದದಲ್ಲಿ ಬರೆದದ್ದು ಅಕ್ಷರಶಃ ನಿಜವಾಗಿದೆ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆ ಊರಿನ ತೋಳಗಳನ್ನು ಕೊಂದವರು ಯಾರು ಗುರುಗಳೇ?"

"ಯಾರೂ ಕೊಲ್ಲಲಿಲ್ಲ ಕಣಯ್ಯಾ, ಅಲ್ಲಿಯವರೆಲ್ಲ ನಿನ್ನಂಥ ಒಳ್ಳೆಯವರೇ."