ಕರಿಕುದುರೆ ಆರಿಸಿದ ಕಡಿವಾಣ

ತಾಳಕ್ಕೆ ಹೆಜ್ಜೆ ಹಾಕುವ ಪಂದ್ಯಕ್ಕೆ ಹೊರಟಿದ್ದ ಕರಿಕುದುರೆಯ ಮುಂದೆ ಲಾಯದ ಬುಡನ್‌ಸಾಬರು ಎರಡು ಕಡಿವಾಣ ಹಿಡಿದರು.

"ನನ್ನನ್ನು ಆರಿಸು. ನಿನ್ನ ಮುಖಕ್ಕೆ ಒಪ್ಪುತ್ತೇನೆ," ಎಂದಿತು ಕೆಂಪು ಕಡಿವಾಣ.

"ನೀನು ದೂರಕ್ಕೂ ಕಾಣುತ್ತೀಯ. ನಾನು ಯಾರ ಅಂಕೆಯಲ್ಲೂ ಇಲ್ಲದೆ ಕುಣಿಯುತ್ತಿದ್ದೇನೆ ಅನ್ನಿಸಬೇಕು ಜನಕ್ಕೆ," ಎಂದ ಕುದುರೆ ಕಪ್ಪು ಕಡಿವಾಣಕ್ಕೆ ಮೂತಿ ಒಡ್ಡಿತು. ಕಪ್ಪು ಮಾತಾಡಲಿಲ್ಲ.

ಜನ ಹಾಗೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಕುದುರೆ ಬೀಗಿತು.

ಲಾಯಕ್ಕೆ ಮರಳಿದ ಮೇಲೆ ಸಾಬರು ಕಡಿವಾಣ ಬಿಚ್ಚಲೆಂದು ಅದರ ಹಣೆ, ಕೆನ್ನೆ, ಕಿವಿಯ ಹಿಂದೆಲ್ಲ ತಡವಿದರು. ಬೆರಳಿಗೆ ಬೆಚ್ಚಗಿನ ಚರ್ಮವಷ್ಟೇ ಸಿಕ್ಕಿತು. "ಆಗಲೇ ಬಿಚ್ಚಿಬಿಟ್ಟೆನೇನೋ," ಎನ್ನುತ್ತ ಹೊರಟರು.

"ಇಲ್ಲೇ ಇದೆ, ಬಿಚ್ಚಿ ಸಾಬರೇ!" ಎಂದು ಕೂಗಲು ಕುದುರೆ ಬಾಯಿ ತೆರೆಯಿತು.

"ಏನಿಲ್ಲ ಸಾಬರೇ, ಹೋಗಿ ಬನ್ನಿ," ಎಂದಿತು ಕಡಿವಾಣ, ಕುದುರೆಯ ದನಿಯಲ್ಲಿ.